ಕಾಲು ಮಾಯುವವರೆಗೆ ಬದುಕನ್ನು ಕಾಯಿಸಬೇಡ

ಮಗಾ, ಮಾವನ ಮಗಳ ಮದುವೆಯಲ್ಲಿ ನಿನ್ನನ್ನು ಹುಡುಕಿದೆ. ಹೆಂಡತಿ ಬಂದಿದ್ದಳು, ಮಕ್ಕಳು ಬಂದಿದ್ದರು, ನೀನು ಮಾತ್ರ ಬಂದಿರಲಿಲ್ಲ. ಕೇಳಿದರೆ, 'ಕಾಲಿನ ಹುಣ್ಣು ಮಾಯಲಿ, ಆಮೇಲೆ ಎಲ್ಲ ಕಡೆ ಬರ್ತೀನಿ ಅಂತಾರೆ ದೊಡ್ಡತ್ತೆ' ಅಂದಳು. ಹುಣ್ಣು ಶುರುವಾದಾಗ ನಿನ್ನ ಚಿಕ್ಕ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು, ಈಗ ಎರಡನೇ ಕ್ಲಾಸು. ಇಷ್ಟು ಕಾಲವನ್ನು ನೀನು ಕಾಯುವುದರಲ್ಲೇ ಕಳೆದಿದ್ದೀಯ. ಹಾಗೆ ಕಾಯಬೇಡ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸರ್ಕಾರಿ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಸರ್ವಿಸ್ ಮುಗಿಸಿದವಳು ನಾನು. ನಿನ್ನ ಹಾಗೆ ದೋಸೆ ಕಾವಲಿಯ ಮುಂದೆ ನಿಂತವರು, ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು, ಇಸ್ತ್ರಿಯವರು, ಕ್ಷೌರದಂಗಡಿಯವರು, ಟ್ರಾಫಿಕ್ ಪೊಲೀಸರು ಅಲ್ಲಿಗೆ ಬರುತ್ತಿದ್ದರು. ಒಬ್ಬರು ಯಾವಾಗಲೂ ವರಾಂಡದ ಕೊನೆಯ ಬೆಂಚಿನಲ್ಲಿ, ಕಾಲನ್ನು ಗೋಡೆಯ ಕಡೆ ತಿರುಗಿಸಿ ಕೂರುತ್ತಿದ್ದರು. ಹೆಸರು ಕರೆದರೂ ಬಾಕಿಯವರೆಲ್ಲ ಹೋಗಲಿ ಅನ್ನುತ್ತಿದ್ದರು. ತಮ್ಮ ಕಾಲಿನ ವಾಸನೆ ಯಾರಿಗೂ ತಾಗಬಾರದು ಎಂಬ ಸಂಕೋಚ ಅವರಿಗೆ. ಅಂಥವರು ಹೊರಗೆ ಓಡಾಡುವುದನ್ನು ಬಿಡುತ್ತಾರೆ, ಅನ್ನ ಕಡಿಮೆ ಮಾಡುತ್ತಾರೆ, ರಾತ್ರಿ ನಿದ್ದೆ ಇಲ್ಲದೆ ಕುರ್ಚಿಯಲ್ಲೇ ಕಾಲು ಇಳಿಬಿಟ್ಟು ಕೂರುತ್ತಾರೆ. ಹುಣ್ಣು ಮತ್ತಷ್ಟು ಕೆಡುತ್ತದೆ. ನಡಿಗೆ, ನಿದ್ದೆ, ಹೊಟ್ಟೆ ತುಂಬ ಊಟ, ನಾಲ್ಕು ಜನರ ಒಡನಾಟ ಇವೆಲ್ಲ ವಾಸಿಯಾದ ಮೇಲೆ ಸಿಗುವ ಬಹುಮಾನವಲ್ಲ ಕಣಪ್ಪ, ವಾಸಿಯಾಗುವುದಕ್ಕೆ ಬೇಕಾದ ಔಷಧಿಗಳು.

ಯಾಕೆ ಅಂತ ಹೇಳುತ್ತೇನೆ. ನಿನ್ನ ಹುಣ್ಣು ಇರುವುದು ಒಳಗಿಣ್ಣಿನ ಸ್ವಲ್ಪ ಮೇಲೆ. ಸುತ್ತ ಚರ್ಮ ಕಂದಿ ಗಟ್ಟಿಯಾಗಿದೆ, ನವೆ ಇದೆ, ಮೀನಖಂಡದ ಮೇಲೆ ನರ ಗಂಟುಗಂಟಾಗಿ ಉಬ್ಬಿದೆ. ಇದು ವೆರಿಕೋಸ್ ವೇನ್‌ನಿಂದ ಬರುವ ಹುಣ್ಣಿನ ಲಕ್ಷಣ. ಕಾಲಿನ ರಕ್ತ ಹೃದಯಕ್ಕೆ ಮರಳಬೇಕಾದರೆ ಮೇಲಕ್ಕೇ ಹತ್ತಬೇಕು. ಹೆಜ್ಜೆ ಹಾಕಿದಾಗಲೆಲ್ಲ ಮೀನಖಂಡ ಬಿಗಿದು ಅದನ್ನು ಮೇಲಕ್ಕೆ ತಳ್ಳುತ್ತದೆ. ತಳ್ಳಿದ ರಕ್ತ ಹಿಂದೆ ಬರದಂತೆ ತಡೆಯಲು ಕಾಲಿನ ರಕ್ತನಾಳಗಳೊಳಗೆ ಪುಟ್ಟ ಕವಾಟಗಳಿವೆ. ತೋಟದ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಕೆಟ್ಟರೆ ಮೋಟರು ನಿಂತ ಕೂಡಲೇ ನೀರೆಲ್ಲ ಬಾವಿಗೆ ಇಳಿಯುತ್ತದಲ್ಲ, ಹಾಗೇ ಈ ಕವಾಟ ಕೆಟ್ಟರೆ ರಕ್ತ ಗಿಣ್ಣಿನ ಹತ್ತಿರ ಬಂದು ನಿಲ್ಲುತ್ತದೆ. ಅಲುಗಾಡದೆ ನಿಂತಾಗ ಗಿಣ್ಣಿನ ನಾಳದ ಒತ್ತಡ ಬಿಪಿಯ ಲೆಕ್ಕದಲ್ಲಿ 80–90 ಮಿಲಿಮೀಟರಿನಷ್ಟಿರುತ್ತದೆ. ಆರೋಗ್ಯದ ಕಾಲಿನಲ್ಲಿ ನಡೆದಾಗ ಅದು 30ಕ್ಕಿಂತ ಕೆಳಗಿಳಿಯುತ್ತದೆ, ಕವಾಟ ಕೆಟ್ಟ ಕಾಲಿನಲ್ಲಿ ಅಷ್ಟು ಇಳಿಯುವುದಿಲ್ಲ. ಆ ಒತ್ತಡ ಹಗಲಿಡೀ ಇದ್ದರೆ ಚರ್ಮ ಸೊರಗುತ್ತದೆ. ಸೊರಗಿದ ಚರ್ಮಕ್ಕೆ ಸ್ಟೂಲಿನ ಅಂಚು ತಾಗಿದರೂ ಸಾಕು, ಗಾಯವಾಗಿ ಮಾಯದೆ ಉಳಿಯುತ್ತದೆ.

ಆದ್ದರಿಂದ ಮೇಲೆ ಏನು ಹಚ್ಚಬೇಕು ಅನ್ನುವುದು ಎರಡನೇ ಪ್ರಶ್ನೆ. ನೀನು ಮುಲಾಮು ಬದಲಾಯಿಸುತ್ತಾ ಹೋದೆ. ಅರಿಶಿನ ಎಣ್ಣೆ ಹಚ್ಚಿದೆ, ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸಿದೆ, ಹೈಡ್ರೋಜನ್ ಪೆರಾಕ್ಸೈಡ್ ಸುರಿದು ನೊರೆ ಬಂದರೆ ಕೊಳೆ ಹೋಯಿತು ಅಂದುಕೊಂಡೆ. ಆ ನೊರೆ ಹೊಸದಾಗಿ ಹುಟ್ಟುವ ಮಾಂಸವನ್ನೂ ಸುಡುತ್ತದೆ. ಗಾಳಿಗೆ ಬಿಟ್ಟರೆ ಒಣಗುತ್ತದೆ ಅನ್ನುವ ಮಾತೂ ಬೇಡ. ಹದವಾದ ತೇವದಲ್ಲಿ, ಮುಚ್ಚಿಟ್ಟಾಗಲೇ ಗಾಯ ಬೇಗ ಕೂಡುತ್ತದೆ. ತೆರೆದಿಟ್ಟರೆ ನೊಣ ಕೂರುತ್ತದೆ ಅಷ್ಟೆ.

ಮೊದಲು ಆಗಬೇಕಾದದ್ದು ಕಾಲಿನ ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆ. ಕಾಲಿನ ಹುಣ್ಣೆಲ್ಲ ಒಂದೇ ಜಾತಿಯದಲ್ಲ. ಬೀಡಿ ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಕಾಲಿಗೆ ರಕ್ತ ತರುವ ನಾಳವೇ ಕಟ್ಟಿರಬಹುದು. ಅಂಥ ಕಾಲಿಗೆ ಬಿಗಿಯಾಗಿ ಕಟ್ಟು ಹಾಕಿದರೆ ಕಾಲಿಗೇ ಕುತ್ತು. ಅದಕ್ಕೆ ಕೈಯ ಬಿಪಿ ಮತ್ತು ಗಿಣ್ಣಿನ ಬಿಪಿ ಎರಡನ್ನೂ ನೋಡಿ ಹೋಲಿಸುತ್ತಾರೆ. ಗಿಣ್ಣಿನದು ಕೈಯದರ 0.8 ಭಾಗಕ್ಕಿಂತ ಕಡಿಮೆ ಇದ್ದರೆ ಪೂರ್ತಿ ಬಿಗಿಯ ಕಟ್ಟು ಹಾಕುವುದಿಲ್ಲ, 0.5ಕ್ಕಿಂತ ಕಡಿಮೆ ಇದ್ದರೆ ಬಿಗಿ ಕಟ್ಟೇ ಇಲ್ಲ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಪೆಡಸಾಗಿ ಈ ಲೆಕ್ಕ ತಪ್ಪುವುದೂ ಉಂಟು, ಆಗ ಬೇರೆ ಪರೀಕ್ಷೆ ಬೇಕು. ನೀನೇ ಗಮನಿಸಬಹುದಾದ ಒಂದು ಗುರುತು ಇದೆ. ಕಾಲು ಎತ್ತಿಟ್ಟಾಗ ಹಗುರವಾದರೆ ಸಾಮಾನ್ಯವಾಗಿ ವೆರಿಕೋಸ್ ನೋವು. ಎತ್ತಿಟ್ಟಾಗ ನೋವು ಹೆಚ್ಚಾಗಿ, ಇಳಿಬಿಟ್ಟರೆ ಕಡಿಮೆಯಾದರೆ ರಕ್ತ ಬರುವ ನಾಳದ ಮೇಲೆ ಅನುಮಾನ ಪಡಬೇಕು, ತಡಮಾಡದೆ ತೋರಿಸಬೇಕು.

ನಾಳ ಸರಿಯಿದೆ ಅಂತ ಗೊತ್ತಾದ ಮೇಲೆ ನಿನ್ನ ಮುಖ್ಯ ಔಷಧಿ ಕಟ್ಟು. ಮೆಡಿಕಲ್ ಶಾಪಿನಿಂದ ತಂದ ಒಂದೇ ಕ್ರೇಪ್ ಬ್ಯಾಂಡೇಜನ್ನು ಒಗೆದು ಒಗೆದು ಹಿಗ್ಗೇ ಸತ್ತುಹೋದ ಮೇಲೂ ಸುತ್ತಿಕೊಳ್ಳುತ್ತಿದ್ದೀಯ. ಅದು ಹುಣ್ಣನ್ನು ಮರೆಮಾಡುತ್ತದೆ ಅಷ್ಟೆ, ಒತ್ತಡ ಬೀಳುವುದಿಲ್ಲ. ಸರಿಯಾದ ಕಟ್ಟು ಗಿಣ್ಣಿನ ಹತ್ತಿರ 40 ಮಿಲಿಮೀಟರಿನಷ್ಟು ಒತ್ತಡ ಕೊಡಬೇಕು, ಮೊಣಕಾಲಿನ ಕಡೆ ಹೋದಂತೆ ಅದು ಸಡಿಲವಾಗುತ್ತಾ ಬರಬೇಕು. ಬೆಳಿಗ್ಗೆ ಮಂಚದಿಂದ ಇಳಿಯುವ ಮೊದಲೇ, ಊತ ಇಳಿದಿರುವಾಗಲೇ ಕಟ್ಟಬೇಕು. ಪಾದವನ್ನು ನಿಂತ ಭಂಗಿಯಲ್ಲಿ ಇರುವಂತೆ ಮಡಿಚಿಕೋ. ಮೊದಲು ಮೆತ್ತನೆಯ ಹತ್ತಿಯ ಪಟ್ಟಿ ಸುತ್ತು, ಮೊಣಕಾಲಿನ ಕೆಳಗಿನ ಎಲುಬಿನ ಏಣಿನ ಮೇಲೆ, ಗಿಣ್ಣಿನ ಹಿಂದಿನ ಗುಳಿಯಲ್ಲಿ ಇನ್ನೊಂದು ಮಡಿಕೆ ಇರಲಿ. ಆಮೇಲೆ ಬೆರಳುಗಳ ಬುಡದಿಂದ ಶುರುಮಾಡಿ, ಹಿಮ್ಮಡಿಯನ್ನೂ ಬಿಡದೆ ಸುತ್ತಿಕೊಂಡು, ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುತ್ತಾ ಮೊಣಕಾಲಿನ ಕೆಳಗೆ ಎರಡು ಬೆರಳಿನಷ್ಟು ಜಾಗ ಬಿಟ್ಟು ನಿಲ್ಲಿಸು. ಹಿಮ್ಮಡಿ ಬಿಟ್ಟು ಕಟ್ಟಿದರೆ ಅಲ್ಲಿ ನೀರು ತುಂಬಿ ಊದುತ್ತದೆ. ಕಟ್ಟಿದ ಮೇಲೆ ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ ಮರ್ಯಾದೆ ನೋಡದೆ ಬಿಚ್ಚಿಬಿಡು. ಮೊದಮೊದಲು ಇದನ್ನು ತಿಳಿದ ನರ್ಸ್ ಕೈಯಲ್ಲೇ ಕಟ್ಟಿಸಿಕೋ, ನೀನೂ ನಿನ್ನ ಹೆಂಡತಿಯೂ ಎದುರಿಗೆ ಕೂತು ಕಲಿಯಿರಿ.

ಇದೆಲ್ಲ ಇಂಗ್ಲಿಷ್ ವೈದ್ಯ, ನಮ್ಮದಲ್ಲ ಅಂತ ನಿಮ್ಮಮ್ಮ ಹೇಳಬಹುದು. ವ್ರಣಕ್ಕೆ 60 ಬಗೆಯ ಉಪಚಾರ ಮತ್ತು 14 ಬಗೆಯ ಕಟ್ಟುಗಳನ್ನು ಸುಶ್ರುತ ಸಂಹಿತೆ ಹೇಳಿದೆ ಅಂತ ಅವಳಿಗೆ ತಿಳಿಸು. ತೊಳೆದು, ಕಟ್ಟಿ ಗಾಯ ಮಾಯಿಸುವುದು ನಮ್ಮಲ್ಲಿ ಬಹಳ ಹಳೆಯ ವಿದ್ಯೆ.

ಕಟ್ಟಿನ ಜೊತೆಗೆ ಕೆಟ್ಟ ನಾಳಕ್ಕೂ ಚಿಕಿತ್ಸೆ ಬೇಕೇ ಅಂತ ಸರ್ಜನ್‌ರನ್ನು ಈಗಲೇ ಕೇಳು. ಹುಣ್ಣು ಮಾಯಲಿ ಆಮೇಲೆ ಲೇಸರ್ ನೋಡೋಣ ಅನ್ನುವುದು ಹಿಂದಿನ ಪದ್ಧತಿ. 2018ರಲ್ಲಿ ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲ ಪ್ರಕಟವಾಯಿತು. ಕಟ್ಟಿನ ಜೊತೆ ಬೇಗನೇ ನಾಳದ ಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದೊಳಗೆ ಮಾಯಿತು. ತಡವಾಗಿ ಮಾಡಿಸಿಕೊಂಡವರಲ್ಲಿ ಅದಕ್ಕೆ 82 ದಿನ ಹಿಡಿಯಿತು. ಖರ್ಚಿನ ಮಾತು ಬಂದರೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಹಿಡಿದುಕೊಂಡು ಹೋಗಿ ಯಾವ ಚಿಕಿತ್ಸೆ ಯೋಜನೆಯಲ್ಲಿ ಬರುತ್ತದೆ ಅಂತ ಆಸ್ಪತ್ರೆಯ ಕೌಂಟರಿನಲ್ಲೇ ವಿಚಾರಿಸು. ಸಂಕೋಚ ಪಡಬೇಡ.

ಇನ್ನು ದಿನದಿನದ ಬದುಕು. ಡ್ರೆಸ್ಸಿಂಗ್ ಬಿಚ್ಚುವಾಗ ಹಲ್ಲು ಕಚ್ಚಿಕೊಂಡು ಎಳೆಯುತ್ತೀಯಂತೆ. ಯಾಕಪ್ಪ ಆ ಶಿಕ್ಷೆ? ಕಾಯಿಸಿ ಆರಿಸಿದ ನೀರಿನಲ್ಲಿ ಪಟ್ಟಿಯನ್ನು ನೆನೆಸಿಡು, ತಾನಾಗಿ ಬಿಡುತ್ತದೆ. ಬಕೆಟ್ಟಿಗೆ ಶುದ್ಧವಾದ ಪ್ಲಾಸ್ಟಿಕ್ ಹಾಸಿ ಉಗುರುಬೆಚ್ಚಗಿನ ನೀರಿನಲ್ಲಿ ಇಡೀ ಕಾಲನ್ನು ತೊಳೆ. ಹೆಪ್ಪುಗಟ್ಟಿದ ಹೊಪ್ಪಳೆ ಮೆತ್ತಗಾಗಿ ಹೋಗುತ್ತದೆ. ಸುತ್ತಲಿನ ಚರ್ಮಕ್ಕೆ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಸವರು, ಹುಣ್ಣಿನೊಳಕ್ಕೆ ಬೇಡ. ನೋವು ಹೆಚ್ಚಿದ್ದರೆ ಡ್ರೆಸ್ಸಿಂಗಿಗೆ ಅರ್ಧ ಗಂಟೆ ಮೊದಲು ಯಾವ ಮಾತ್ರೆ ತೆಗೆದುಕೊಳ್ಳಬಹುದು ಅಂತ ಡಾಕ್ಟರನ್ನು ಕೇಳು. ಡಾಕ್ಟರರು ಹುಣ್ಣಿನ ಅಗಲ ಅಳೆಯುತ್ತಾರೆ, ನೀನು ಎಷ್ಟು ಹೊತ್ತು ನಿದ್ದೆ ಮಾಡಿದೆ ಅಂತ ಅವರಿಗೆ ನೀನಾಗಿ ಹೇಳದಿದ್ದರೆ ಗೊತ್ತಾಗುವುದಿಲ್ಲ. ನೋವು, ನಿದ್ದೆ, ವಾಸನೆ ಮೂರನ್ನೂ ಬಾಯಿಬಿಟ್ಟು ಹೇಳು.

ವಾಸನೆಯ ವಿಷಯದಲ್ಲೇ ನೀನು ಹೆಚ್ಚು ಕುಗ್ಗಿಹೋಗಿರುವುದು, ನನಗೆ ಗೊತ್ತು. ಅದು ಕೊಳಕುತನದಿಂದ ಬರುವುದಲ್ಲ. ಸತ್ತ ಅಂಗಾಂಶದಲ್ಲಿ ಬೆಳೆಯುವ ಕೆಲವು ಜಾತಿಯ ಸೂಕ್ಷ್ಮಾಣುಗಳು ಅದನ್ನು ಹುಟ್ಟಿಸುತ್ತವೆ. ಅದಕ್ಕೆ ಹಚ್ಚುವ ಮೆಟ್ರೊನಿಡಜೋಲ್ ಜೆಲ್ ಇದೆ, ಇದ್ದಿಲು ಸೇರಿಸಿದ ಡ್ರೆಸ್ಸಿಂಗ್ ಇದೆ. ಡಾಕ್ಟರನ್ನು ಕೇಳಿ ಬಳಸು. ರಸಿಗೆ ಹೆಚ್ಚು ಸೋರುವಾಗ ಮೇಲಿನ ಪ್ಯಾಡ್ ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು ಅಂತಲೂ ಕೇಳು. ಒದ್ದೆ ಪ್ಯಾಡಿನಲ್ಲಿ ಇಡೀ ದಿನ ಕಳೆಯಬೇಡ. ಹೊರಗೆ ಹೋಗುವಾಗ ಚೀಲದಲ್ಲಿ ಒಂದು ಒಣ ಪ್ಯಾಡು, ಒಂದು ಪ್ಲಾಸ್ಟಿಕ್ ಕವರು ಇರಲಿ. ಸೆಂಟು ಹೊಡೆದು ಮುಚ್ಚಲು ಹೋಗಬೇಡ, ಎರಡು ವಾಸನೆ ಸೇರಿ ಇನ್ನೂ ಕಷ್ಟ.

ನಿದ್ದೆಗೆ, ಪಾದ ಇಡುವ ಕಡೆಯ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಅರ್ಧ ಅಡಿ ಎತ್ತರಿಸು. ದಿಂಬು ರಾತ್ರಿ ಜಾರಿಹೋಗುತ್ತದೆ, ಇಟ್ಟಿಗೆ ಜಾರುವುದಿಲ್ಲ. ಹೃದಯದ ತೊಂದರೆ ಇರುವವರು, ರಕ್ತ ಬರುವ ನಾಳ ಕಟ್ಟಿರುವವರು ಹೀಗೆ ಮಾಡಬಾರದು. ನಿನಗೆ ಡಾಕ್ಟರು ಸರಿ ಅಂದರೆ ಮಾಡು. ಹಗಲಿನಲ್ಲೂ ಮಧ್ಯಾಹ್ನದ ರಶ್ ಮುಗಿದ ಮೇಲೆ ಅರ್ಧ ಗಂಟೆ ಕಾಲನ್ನು ಎದೆಗಿಂತ ಮೇಲೆ ಬರುವಂತೆ ಎತ್ತಿಟ್ಟು ಮಲಗು. ಕುರ್ಚಿಯಲ್ಲಿ ಕೂತು ಎದುರಿನ ಸ್ಟೂಲಿನ ಮೇಲೆ ಕಾಲಿಟ್ಟರೆ ಅದು ಆರಾಮ ಅಷ್ಟೆ, ಊತ ಇಳಿಯಲು ಸಾಲದು.

ಊಟದ ವಿಷಯದಲ್ಲಿ ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ನನಗೆ ಹಿಡಿಸಿಲ್ಲ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಮೊಟ್ಟೆ ನಂಜು, ಮೀನು ನಂಜು, ಕೊನೆಗೆ ಬೇಳೆ ತಿಂದರೂ ಕೀವಾಗುತ್ತದೆ ಅಂತ ತಿಳಿಸಾರು ಅನ್ನದ ಮೇಲೆ ಬಿಟ್ಟಿದ್ದಾರೆ. ಹುಣ್ಣು ಕೂಡಬೇಕಾದರೆ ಹೊಸ ಮಾಂಸ ಹುಟ್ಟಬೇಕು, ಅದಕ್ಕೆ ಪ್ರೋಟೀನ್ ಬೇಕು. ಇಂಥ ಗಾಯ ಇರುವವರಿಗೆ ತೂಕದ ಕಿಲೋಗೆ ದಿನಕ್ಕೆ ಒಂದೂಕಾಲಿನಿಂದ ಒಂದೂವರೆ ಗ್ರಾಂವರೆಗೆ ಬೇಕಾಗುತ್ತದೆ. 60 ಕಿಲೋ ತೂಗುವ ನಿನಗೆ 75ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ತಿಳಿಸಾರಿನಿಂದ ಇದು ಹೇಗೆ ತುಂಬುತ್ತದೆ? ಗಟ್ಟಿ ಬೇಳೆ, ಹುರುಳಿ, ಕಡಲೆಕಾಳು, ಮೊಸರು, ಮೊಟ್ಟೆ, ಮೀನು, ಸೊಪ್ಪು, ನೆಲ್ಲಿಕಾಯಿ, ನಿಂಬೆಹಣ್ಣು ಎಲ್ಲ ತಿನ್ನು. ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರೋಟೀನಿಗೆ ಡಾಕ್ಟರನ್ನು ಕೇಳಬೇಕು. ಯಾವುದಾದರೂ ಒಂದು ಪದಾರ್ಥ ತಿಂದಾಗ ನಿನಗೆ ನಿಜವಾಗಿಯೂ ಮೈ ತುರಿಸಿದರೆ ಅದೊಂದನ್ನು ಬಿಡು, ಎಲ್ಲವನ್ನೂ ಬಿಟ್ಟು ಸೊರಗಬೇಡ.

ಕೆಲಸ ಬಿಡಬೇಕೇ ಅಂತ ನೀನು ಕೇಳಿದ್ದೆ. ಬಿಡಬೇಡ, ನಿಲ್ಲುವ ರೀತಿ ಬದಲಾಯಿಸು. ಕಾವಲಿಯ ಪಕ್ಕ ಒಂದು ಎತ್ತರದ ಸ್ಟೂಲ್ ಹಾಕಿಸಿಕೋ. ನಿಂತಿರುವಾಗ ಹಿಮ್ಮಡಿ ಎತ್ತಿ ಇಳಿಸು. ಒಂದು ಬ್ಯಾಚ್ ಹುಯ್ದು ಬೇಯುವುದರೊಳಗೆ ಹತ್ತು ಸಲ ಆಗುತ್ತದೆ. ಗಂಟೆಗೊಮ್ಮೆ ಅಡುಗೆಮನೆಯ ಈ ತುದಿಯಿಂದ ಆ ತುದಿಗೆ ಐದು ನಿಮಿಷ ನಡೆ. ಯಜಮಾನರ ಹತ್ತಿರ ಮಾತಾಡಲು ಹಿಂಜರಿಯಬೇಡ. ಅಂಗಡಿ ಮುಂಗಟ್ಟುಗಳಲ್ಲಿ ದುಡಿಯುವವರಿಗೆ ಕೂರಲು ಆಸನ ಕೊಡಲೇಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿಗೆ ತಿದ್ದುಪಡಿ ತಂದವು. ಬಟ್ಟೆ ಅಂಗಡಿಗಳಲ್ಲಿ ಇಡೀ ದಿನ ನಿಲ್ಲುತ್ತಿದ್ದ ಕೇರಳದ ಹೆಣ್ಣುಮಕ್ಕಳು ಹೋರಾಡಿ ಪಡೆದದ್ದು ಅದು. ಕೂತು ಕೆಲಸ ಮಾಡುವುದು ಸೋಮಾರಿತನವಲ್ಲ.

ಈಗ ಜನರ ವಿಷಯ. ನಿನ್ನ ಹುಣ್ಣು ಇನ್ನೊಬ್ಬರಿಗೆ ಅಂಟುವುದಿಲ್ಲ. ತಟ್ಟೆ ಲೋಟ ಬೇರೆ ಇಡುವುದು, ಮಗಳನ್ನು ಪಕ್ಕ ಮಲಗಿಸಿಕೊಳ್ಳದಿರುವುದು ಯಾವುದೂ ಬೇಕಿಲ್ಲ. ಡ್ರೆಸ್ಸಿಂಗ್ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆದರೆ ಸಾಕು. ಸರ್ಪದೋಷ, ಹಿಂದಿನ ಜನ್ಮದ ಪಾಪ ಅಂತ ಯಾರೋ ಹೇಳಿದರಂತೆ. ಪೂಜೆಯಿಂದ ಮನಸ್ಸಿಗೆ ಸಮಾಧಾನ ಸಿಗುವುದಾದರೆ ಮಾಡಿಸು, ನಾನು ಬೇಡ ಅನ್ನುವುದಿಲ್ಲ. ಆದರೆ ತಪ್ಪಿತಸ್ಥನ ಹಾಗೆ ತಲೆ ತಗ್ಗಿಸಿಕೊಂಡು ಓಡಾಡಬೇಡ. ನಿನ್ನದು ಕವಾಟ ಕೆಟ್ಟ ಕಾಲು, ದುಡಿದು ಮನೆ ಸಾಕಿದ ಕಾಲು. ಸಮಾರಂಭಕ್ಕೆ ಹೋಗುವಾಗ ಹೊಸ ಪ್ಯಾಡ್ ಹಾಕಿಕೊಂಡು, ಕಟ್ಟಿನ ಮೇಲೆ ಸಡಿಲವಾದ ಕಾಲುಚೀಲ, ಗಾಢ ಬಣ್ಣದ ಪೈಜಾಮ ಹಾಕಿಕೋ. ನೆಲದ ಪಂಕ್ತಿಯಲ್ಲಿ ಕೂರಲಾಗದಿದ್ದರೆ ಟೇಬಲ್ಲಿಗೆ ಕೂರು. ಯಾರಾದರೂ ಏನಾಯಿತು ಅಂತ ಕೇಳಿದರೆ 'ವೆರಿಕೋಸ್ ವೇನ್, ಟ್ರೀಟ್‌ಮೆಂಟ್ ನಡೀತಿದೆ' ಅಂತ ಹೇಳಿ ಬೇರೆ ಮಾತಿಗೆ ಹೋಗು.

ಒಂಟಿತನ ಈ ಕಾಯಿಲೆಯ ಅರ್ಧ ಭಾಗ ಅನ್ನುವುದನ್ನು ಇಂಗ್ಲೆಂಡಿನ ಎಲೀ ಲಿಂಡ್ಸೆ ಎಂಬ ನರ್ಸ್ ಚೆನ್ನಾಗಿ ಅರಿತರು. 1995ರಲ್ಲಿ ಅವರು ಸಫಕ್ ಪ್ರಾಂತ್ಯದಲ್ಲಿ ಲೆಗ್ ಕ್ಲಬ್ ಶುರುಮಾಡಿದರು. ಆಸ್ಪತ್ರೆಯಲ್ಲಲ್ಲ, ಊರಿನ ಸಮುದಾಯ ಭವನದಂಥ ಜಾಗದಲ್ಲಿ. ಕಾಲಿನ ಹುಣ್ಣಿನವರು ಅಲ್ಲಿ ಒಟ್ಟಿಗೆ ಕೂತು ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತಾರೆ, ಟೀ ಕುಡಿಯುತ್ತಾರೆ, ಒಬ್ಬರ ಕಾಲು ಮಾಯುತ್ತಿರುವುದನ್ನು ಇನ್ನೊಬ್ಬರು ನೋಡಿ ಧೈರ್ಯ ತಂದುಕೊಳ್ಳುತ್ತಾರೆ. ನಮ್ಮ ಡ್ರೆಸ್ಸಿಂಗ್ ರೂಮಿನ ಹೊರಗೂ ನಾನು ಇದನ್ನೇ ನೋಡಿದ್ದೇನೆ. ಬೆಂಚಿನಲ್ಲಿ ಪಕ್ಕದವರ ಕಟ್ಟು ನೋಡಿ 'ನಿಮಗೆಷ್ಟು ದಿನ ಆಯ್ತು?' ಅಂತ ಕೇಳುವ ಹೊತ್ತಿಗೆ ಅವರ ಮುಖ ತಿಳಿಯಾಗುತ್ತಿತ್ತು. ನಿನ್ನ ಹೋಟೆಲ್ ಬೀದಿಯಲ್ಲೇ ಇಂಥ ಕಾಲಿನವರು ಇದ್ದೇ ಇರುತ್ತಾರೆ, ಮಾತಾಡಿಸು. ಇಷ್ಟಾಗಿಯೂ ಬೆಳಗಾದರೆ ಏಳುವುದೇ ಬೇಡ ಅನ್ನಿಸಿದರೆ, ಯಾಕೆ ಬದುಕಬೇಕು ಅನ್ನುವ ಯೋಚನೆ ಬಂದರೆ ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416, ಕನ್ನಡದಲ್ಲೇ ಮಾತಾಡಬಹುದು. ಎಷ್ಟು ರಾತ್ರಿಯಾದರೂ ನನಗೂ ಫೋನ್ ಮಾಡು.

ನಿನ್ನ ಹೆಂಡತಿಯ ಬಗ್ಗೆಯೂ ಒಂದು ಮಾತು. ದಿನಾ ಕಟ್ಟು ಬಿಚ್ಚಿ, ಬಟ್ಟೆ ನೆನೆಹಾಕಿ, ಮತ್ತೆ ಅಡುಗೆಗೆ ನಿಲ್ಲುವವಳು ಅವಳು. ನೋವಿನ ಸಿಟ್ಟನ್ನು ಅವಳ ಮೇಲೆ ತೀರಿಸಬೇಡ. ಬ್ಯಾಂಡೇಜು ಒಗೆಯುವುದು, ಒಣಗಿಸಿ ಸುರುಳಿ ಸುತ್ತುವುದು ನೀನೇ ಮಾಡಬಹುದಾದ ಕೆಲಸ.

ಕೆಲವು ವಿಷಯಕ್ಕೆ ಮಾತ್ರ ಕಾಯಲೇಬಾರದು. ಜ್ವರ ಬಂದು ಹುಣ್ಣಿನ ಸುತ್ತ ಕೆಂಪು ಹರಡಿದರೆ, ಬೆರಳು ಕಪ್ಪಗಾದರೆ ಅದೇ ದಿನ ತೋರಿಸು. ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋವು ಬಂದರೂ ಹಾಗೇ. ಅದರ ಜೊತೆ ಉಸಿರು ಕಟ್ಟಿದರೆ ನೇರ ಎಮರ್ಜೆನ್ಸಿಗೆ ಹೋಗು. ಉಬ್ಬಿದ ನರ ಒಡೆದು ರಕ್ತ ಚಿಮ್ಮಿದರೆ ಗಾಬರಿಯಿಂದ ಓಡಬೇಡ. ಅಲ್ಲೇ ಅಂಗಾತ ಮಲಗು, ಕಾಲನ್ನು ಮೇಲೆತ್ತು, ಶುದ್ಧ ಬಟ್ಟೆಯಿಂದ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿ, ಉಳಿದವರು ಆಂಬುಲೆನ್ಸಿಗೆ 108 ಕರೆಯಲಿ. ಸರಿಯಾದ ಕಟ್ಟು ಹಾಕಿ ಮೂರು ತಿಂಗಳಾದರೂ ಹುಣ್ಣು ಕುಗ್ಗದಿದ್ದರೆ, ಅಂಚು ದಪ್ಪಗೆ ಮೇಲೆದ್ದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಲು ಕೇಳು. ಬಹುಕಾಲದ ಹುಣ್ಣು ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗುವುದುಂಟು.

ಹುಣ್ಣು ಮಾಯಿತು ಅಂತ ಕಟ್ಟನ್ನು ಅಟ್ಟಕ್ಕೆ ಎಸೆಯಬೇಡ. ಚರ್ಮ ಕೂಡಿದರೂ ಕವಾಟ ತಾನಾಗಿ ಸರಿಯಾಗಿರುವುದಿಲ್ಲ. ಅಳತೆ ಕೊಟ್ಟು ತಂದ ಬಿಗಿ ಕಾಲುಚೀಲವನ್ನು ದಿನವೂ ಹಾಕಬೇಕು, ಹಿಗ್ಗು ಕಡಿಮೆಯಾದಾಗ ಹೊಸದು ತರಬೇಕು. ಕೆಲವರಿಗೆ ಹುಣ್ಣು ಮತ್ತೆ ಬರುತ್ತದೆ. ಬಂದರೆ ಅದು ನಿನ್ನ ಸೋಲಲ್ಲ, ಬೇಗ ತೋರಿಸಿದರೆ ಬೇಗ ಮಾಯುತ್ತದೆ. ಬೇಗ ಮಾಯದೆ ಇನ್ನೊಂದು ವರ್ಷ ಎಳೆದರೂ ಆ ವರ್ಷ ನಿನ್ನದೇ, ಹುಣ್ಣಿನದಲ್ಲ.

ಈ ವಾರ ಮೂರು ಕೆಲಸ ಮಾಡು. ಡಾಪ್ಲರ್ ಪರೀಕ್ಷೆಗೆ ದಿನ ಗೊತ್ತುಮಾಡು. ಹೋಟೆಲಿನಲ್ಲಿ ಸ್ಟೂಲ್ ಕೇಳು. ಸಂಜೆ ಚಿಕ್ಕವಳ ಕೈ ಹಿಡಿದುಕೊಂಡು ಮಾರ್ಕೆಟ್ಟಿನ ತನಕ ನಿಧಾನವಾಗಿ ನಡೆದು ಹೋಗಿ ಬಾ. ಮೂರನೆಯದಕ್ಕೆ ಯಾವ ಡಾಕ್ಟರ ಚೀಟಿಯೂ ಬೇಡ, ಅದನ್ನು ಇವತ್ತೇ ಶುರುಮಾಡು.